ಓಣಿಯ ಶಾಲೆ ಬಡವಾದುದು ಹೇಗೆ?

ಧಾರವಾಡದ ನಮ್ಮ ಓಣಿಯಲ್ಲಿ ಒಂದು ಸರಕಾರಿ ಕನ್ನಡ ಪ್ರಾಥಮಿಕ ಶಾಲೆಯಿದೆ. ನಮ್ಮಲ್ಲಿ ಅನೇಕರು ಅಕ್ಷರ ತಿದ್ದಿದ್ದು ಅಲ್ಲಿಯೇ. ಇಂದು ಆ ಶಾಲೆಯ ಮಾತು ಬಂದರೆ ‘ಅಲ್ಲೇನು ಕಲಿಸುತ್ತಾರೆ?’ ಎಂದು ಮೂಗು ಮುರಿಯುವವರೂ ನಾವೇ. ಬೆಳಗಾದರೆ ನಮ್ಮ ಮಕ್ಕಳನ್ನು ಖಾಸಗಿ ಶಾಲೆಗಳ ವಾಹನಗಳು ಕರೆದೊಯ್ಯುತ್ತವೆ. ಓಣಿಯ ಶಾಲೆಗೆ ಹೋಗುವವರು ಬಹುತೇಕ ದುಡಿದು ತಿನ್ನುವ ಬಡವರ ಮಕ್ಕಳು.

ಶಾಲೆ ಕೆಟ್ಟಿದ್ದರಿಂದ ಮಕ್ಕಳನ್ನು ಬಿಡಿಸಿದೆವೆಂದು ಹೇಳಿಕೊಳ್ಳುತ್ತೇವೆ. ನಾವು ಬಿಡಿಸಿದ್ದರಿಂದಲೂ ಶಾಲೆ ಕೆಟ್ಟಿತೆಂಬುದನ್ನು ಮರೆಯುತ್ತೇವೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ, ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳವರೆಗೂ ಇಬ್ಬರೇ ಶಿಕ್ಷಕರು. 61ರಿಂದ 90 ಮಕ್ಕಳಿಗೆ ಮೂವರು. 91ರಿಂದ 120ಕ್ಕೆ ನಾಲ್ವರು. ನೂರು ಮಕ್ಕಳಿದ್ದ ಶಾಲೆಯಲ್ಲಿ ಐವತ್ತೈದು ಮಂದಿ ಉಳಿದರೆ ಇಬ್ಬರು ಶಿಕ್ಷಕರು ‘ಹೆಚ್ಚುವರಿ’ಯಾಗುತ್ತಾರೆ. ಉಳಿದಿಬ್ಬರು ಐದು ತರಗತಿಗಳನ್ನು ನೋಡಿಕೊಂಡು, ಬಿಸಿಯೂಟದ ಲೆಕ್ಕವನ್ನೂ ಬರೆಯಬೇಕು. ಆಗ ಮಗು ಓದಲು ತಡವರಿಸಿದರೆ ಆಶ್ಚರ್ಯವೇನು? ಅದನ್ನು ಕಂಡು ಮತ್ತೊಂದು ಮನೆಯವರು ವರ್ಗಾವಣೆ ಪತ್ರ ಪಡೆಯುತ್ತಾರೆ.

ಇಂಗ್ಲಿಷ್ ಕಲಿಸಬೇಕೆಂಬ ಪಾಲಕರ ಹಂಬಲವನ್ನು ನಾವು ಹಳಿಯುವುದಿಲ್ಲ. 2019–20ರಲ್ಲಿ ರಾಜ್ಯ ಸರಕಾರ ಆಯ್ದ ಶಾಲೆಗಳಲ್ಲಿ ಆಂಗ್ಲ ಮಾಧ್ಯಮದ ವಿಭಾಗಗಳನ್ನು ತೆರೆದದ್ದೂ ಈ ಹಂಬಲವನ್ನು ಅರಿತೇ. ಆದರೆ ಮಾಧ್ಯಮ ಯಾವುದೇ ಇರಲಿ, ಶಿಕ್ಷಕರಿಲ್ಲದೆ ಕಲಿಕೆಯಿಲ್ಲ.

ಇನ್ನೊಂದು ನಷ್ಟ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕೆಂಬುದು ಕಾನೂನು. ಮಕ್ಕಳನ್ನು ಬಿಡಿಸಿದ ನಾವು ಆ ಸ್ಥಾನವನ್ನೂ ಬಿಟ್ಟುಕೊಟ್ಟೆವು. ನಮ್ಮ ಮನೆಗೆ ಮುಸುರೆ ತಿಕ್ಕಲು ಬರುವ ತಾಯಿಯೊಬ್ಬಳು ಈಗ ಆ ಸಮಿತಿಯಲ್ಲಿದ್ದಾಳೆ. ಒಂದು ದಿನ ಆಕೆ ಹೀಗೆಂದಳು: “ಅಕ್ಕಾರ, ಮಾಸ್ತರ್ನ ಕೊಡ್ರಿ ಅಂತ ಮೂರು ಸಲ ಆಫೀಸಿಗೆ ಹೋಗಿ ಬಂದೇನ್ರಿ. ನೀವೊಬ್ರು ಬಂದ್ರ ಸಾಹೇಬ್ರು ಕುರ್ಚಿ ಕೊಟ್ಟು ಕೇಳ್ತಾರ.” ನಮಗೆ ಉತ್ತರ ತೋಚಲಿಲ್ಲ.

ಮರಾಠಿಯ ಪ್ರಾಬಲ್ಯವಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಈ ಭಾಗದಲ್ಲಿ ಕನ್ನಡ ಶಾಲೆಗಳಿಗಾಗಿ ಶ್ರಮಿಸಿದರು. ಬಡ ವಿದ್ಯಾರ್ಥಿಗಳು ಓದಲೆಂದು ಹಿರಿಯರು 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾನಿಧಿಯನ್ನು ಕಟ್ಟಿದರು. ಅವರ ದುಡಿಮೆಯ ಫಲವನ್ನು ಉಂಡವರು ನಾವು.

ಓದುಗ ಬಂಧುಗಳೇ, ಎಲ್ಲರೂ ತಮ್ಮ ಮಕ್ಕಳನ್ನು ನಾಳೆಯೇ ಅಲ್ಲಿಗೆ ಸೇರಿಸಿರೆಂದು ನಾವು ಹೇಳುತ್ತಿಲ್ಲ. ಆದರೆ ಆ ತಾಯಿಯೊಡನೆ ಕಚೇರಿಗೆ ಹೋಗಬಹುದು. ನಿವೃತ್ತ ಶಿಕ್ಷಕರು ವಾರಕ್ಕೆರಡು ದಿನ, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಮಕ್ಕಳಿಗೆ ಓದು ಕಲಿಸಬಹುದು. ಒಂದನೆಯ ತರಗತಿಗೆ ಮಗುವನ್ನು ಸೇರಿಸುವ ಮುನ್ನ ಒಮ್ಮೆ ಓಣಿಯ ಶಾಲೆಯೊಳಗೂ ಕಾಲಿಟ್ಟು ನೋಡಬಹುದು. ಬರುವ ಸೋಮವಾರ ನಾವು ಆ ತಾಯಿಯೊಡನೆ ಕಚೇರಿಗೆ ಹೊರಟಿದ್ದೇವೆ.