ರೂಪಾಯಿ ನಾಣ್ಯದಷ್ಟು ಸಂದು

ದುಂಡಗೆ ತಿರುಗುವ ಬೈರಿಗೆ ಚೌಕ ತೂತು ಕೊರೆದೀತೆ? ಒಂಟಿಯಾಗಿ ಕೊರೆಯದು. ಬಾಗಿಲ ಚೌಕಟ್ಟಿನ ಮೂಲೆಯಲ್ಲಿ ಒಂದು ಮರದ ತುದಿ ಇನ್ನೊಂದರ ಹೊಟ್ಟೆಯೊಳಗೆ ಬಿಗಿಯಾಗಿ ಕೂತಿರುತ್ತದಲ್ಲ, ಆ ಕುಳಿ ತೆಗೆಯಲು ಬಡಗಿ ಮೊದಲು ಬೈರಿಗೆ ಹಿಡಿದು ಸಾಲು ತೂತು ಹಾಕುತ್ತಾನೆ; ಆಮೇಲೆ ಉಳಿ, ಕೊಡತಿ ಹಿಡಿದು ಮೂಲೆ ಬಿಡಿಸುತ್ತಾನೆ. ಇವೆರಡು ಕೆಲಸವನ್ನು ಒಂದೇ ಏಟಿಗೆ ಮುಗಿಸುವುದು ಮಾರ್ಟೈಸಿಂಗ್ ಯಂತ್ರ. ಇದರಲ್ಲಿ ಉಳಿಯೇ ಟೊಳ್ಳಾದ ಚೌಕ ಕೊಳವೆ. ಬೈರಿಗೆ ಅದರೊಳಗೆ ತಿರುಗುತ್ತದೆ.

ಕುಳಿ ತೆಗೆಯಲು ಯಂತ್ರ ಹೂಡುವ ಯೋಚನೆ ಹಳೆಯದು. ಹಾಯಿ ಹಡಗುಗಳ ರಾಟೆಗಳಿಗೆ ಮರದ ಗೂಡು ಬೇಕಿತ್ತು. 1800ರ ದಶಕದಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಹಡಗುಕಟ್ಟೆಗಾಗಿ ಮಾರ್ಕ್ ಬ್ರೂನೆಲ್ ರೂಪಿಸಿದ, ಹೆನ್ರಿ ಮಾಡ್‌ಸ್ಲೇ ತಯಾರಿಸಿದ ಯಂತ್ರಗಳಲ್ಲಿ ಉಳಿಗಳು ಮೇಲೆ ಕೆಳಗೆ ಹಾರುತ್ತ ಆ ಗೂಡು ಕಡೆಯುತ್ತಿದ್ದವು. ಟೊಳ್ಳು ಉಳಿ ಬಂದದ್ದು ಆಮೇಲೆ.

ಟೊಳ್ಳು ಉಳಿಯ ಕೆಲಸ ಹಗುರವಾಗುವುದೇಕೆ ನೋಡಿ. ಚೌಕದೊಳಗೆ ಹಿಡಿಸುವ ಅತಿ ದೊಡ್ಡ ವೃತ್ತ ಚೌಕದ ಶೇ. 78ಕ್ಕೂ ಹೆಚ್ಚು ಜಾಗ ತುಂಬುತ್ತದೆ. ಅಷ್ಟು ಮರವನ್ನು ಬೈರಿಗೆಯೇ ತೆಗೆದುಬಿಡುವುದರಿಂದ ಉಳಿಗೆ ಉಳಿಯುವುದು ನಾಲ್ಕು ಮೂಲೆ ಮಾತ್ರ. ಕೊಡತಿಯ ಪೆಟ್ಟಿನ ಬದಲು ಉದ್ದನೆಯ ಹಿಡಿಯನ್ನು ಕೆಳಗೆಳೆದರೆ ಸಾಕು.

ಯಂತ್ರದ ಮರ್ಮವಿರುವುದು ಜೋಡಣೆಯಲ್ಲಿ. ಬೈರಿಗೆಯ ತಲೆ ಉಳಿಯಷ್ಟೇ ಅಗಲವಾಗಿರುವುದರಿಂದ ಅದು ಕೊಳವೆಯೊಳಗೆ ಹೋಗದು, ಬಾಯಿಯ ಕೆಳಗೇ ತಿರುಗಬೇಕು. ತಾಗಿದರೆ ಉಕ್ಕಿಗೆ ಉಕ್ಕು ಉಜ್ಜಿ ಕಾದು, ಅಂಚು ನೀಲಿಗಟ್ಟಿ ಹದ ಕಳೆದುಕೊಳ್ಳುತ್ತದೆ. ಇದಕ್ಕೊಂದು ಸರಳ ಉಪಾಯವಿದೆ. ಪ್ಲಗ್ ಕಿತ್ತಿಟ್ಟು, ಉಳಿಯ ಭುಜಕ್ಕೂ ಅದು ಕೂರುವ ಹಿಡಿಕೆಗೂ ನಡುವೆ ಒಂದು ರೂಪಾಯಿಯ ನಾಣ್ಯವಿಟ್ಟು ಉಳಿಯನ್ನು ಬಿಗಿಯಿರಿ. ಬೈರಿಗೆಯನ್ನು ಉಳಿಗೆ ತಾಗುವವರೆಗೆ ಮೇಲೊತ್ತಿ, ಅದನ್ನು ಹಿಡಿದಿಡುವ ಚಕ್ ಬಿಗಿ ಮಾಡಿ. ಈಗ ಉಳಿಯನ್ನು ಸಡಿಲಿಸಿ, ನಾಣ್ಯ ತೆಗೆದು, ಪೂರ್ತಿ ಮೇಲೇರಿಸಿ ಮತ್ತೆ ಬಿಗಿಯಿರಿ. ನಾಣ್ಯದಷ್ಟೇ, ಅಂದರೆ ಸುಮಾರು ಒಂದೂವರೆ ಮಿಲಿಮೀಟರ್ ಸಂದು ಕೆಳಗೆ ಉಳಿಯುತ್ತದೆ. ಬಿಗಿಯುವಾಗ ಉಳಿಯ ಮುಖ ಹಿಂದಿನ ಆನಿಕೆ ಪಟ್ಟಿಗೆ ಸಮನಾಗಿದೆಯೇ ಎಂದು ಮೂಲೆಮಟ್ಟ ಹಿಡಿದು ನೋಡಿ. ತುಸು ತಿರುಚಿದ್ದರೂ ಕುಳಿಯ ಗೋಡೆ ಗರಗಸದ ಹಲ್ಲಿನಂತಾಗುತ್ತದೆ. ಹೊಟ್ಟು ಹೊರಬೀಳುವ ಸೀಳು ಕುಳಿಯ ಉದ್ದದ ಕಡೆಗೇ ಇರಲಿ.

ಮರದ ಮೇಲೆ ಒತ್ತುಪಟ್ಟಿ ಬಿಗಿಯದಿದ್ದರೆ, ಉಳಿ ಮೇಲೇಳುವಾಗ ಮರವನ್ನೂ ಎತ್ತಿಕೊಂಡೇ ಹೋಗುತ್ತದೆ. ಆಳದ ತಡೆಯನ್ನೂ ಮೊದಲೇ ನಿಲ್ಲಿಸಿಕೊಳ್ಳಿ. ಕುಳಿಯ ಎರಡು ತುದಿಗಳನ್ನು ಮೊದಲು ಕೊರೆಯಿರಿ. ಬಳಿಕ ನಡುವೆ ಉಳಿಯ ಅಗಲಕ್ಕಿಂತ ತುಸು ಕಡಿಮೆ ಮರ ಬಿಟ್ಟು ಬಿಟ್ಟು ಕೊರೆದು, ಉಳಿದ ದಿಂಡುಗಳನ್ನು ಕಡೆಗೆ ತೆಗೆಯಿರಿ. ಒಂದಕ್ಕೊಂದು ಅಂಟಿಸಿ ಕೊರೆಯುತ್ತ ಹೋದರೆ ಒಂದು ಮಗ್ಗುಲು ಖಾಲಿಯಾಗಿ ಉಳಿ ಆ ಕಡೆಗೆ ವಾಲುತ್ತದೆ. ಗಟ್ಟಿ ಮರದಲ್ಲಿ ತುಸು ಇಳಿಸಿ, ಎತ್ತಿ, ಹೊಟ್ಟು ಉದುರಿಸಿ ಮತ್ತೆ ಇಳಿಸಬೇಕು. ಕಣ್ಣಿಗೆ ಕನ್ನಡಕವಿರಲಿ, ನಿಲ್ಲಿಸಿದ ಕೂಡಲೇ ಉಳಿ ಮುಟ್ಟಬೇಡಿ, ಅದು ಸುಡುತ್ತಿರುತ್ತದೆ.

ಯಂತ್ರ ಸರಿಯಾಗಿ ಕೂತಿದೆಯೋ ಇಲ್ಲವೋ ಎನ್ನುವುದನ್ನು ಹೊಟ್ಟೇ ಹೇಳುತ್ತದೆ. ಮರದ್ದೇ ಬಣ್ಣದಲ್ಲಿ ಸುರುಳಿಯಾಗಿ ಬಿದ್ದರೆ ಮುಂದುವರಿಸಿ. ಕಪ್ಪಿಟ್ಟು ಹೊಗೆಯ ವಾಸನೆ ಬಂದರೆ ಹಿಡಿಯನ್ನು ಇನ್ನಷ್ಟು ಜಗ್ಗಬೇಡಿ. ಪ್ಲಗ್ ಕಿತ್ತು, ಜೇಬಿನಲ್ಲಿ ಆ ನಾಣ್ಯ ಹುಡುಕಿ.