ಹೀರೋ ಆದ ಮೇಲೂ ನಾಟಕಕ್ಕೆ ಬಣ್ಣ ಹಚ್ಚಿದ ರಾಜಣ್ಣ

ಚಾಮರಾಜನಗರ: ಇಲ್ಲಿಂದ ತಾಳವಾಡಿ ಕಡೆ ಹೋದರೆ ರಾಜ್ಯದ ಗಡಿಯಾಚೆ ಗಾಜನೂರು ಸಿಗುತ್ತದೆ. ಈ ಹೆಸರು ಕೇಳಿದ ಕೂಡಲೆ ನಮ್ಮ ಜನಕ್ಕೆ ನೆನಪಾಗೋದು 2000ನೇ ಇಸವಿ ಜುಲೈ 30ರ ರಾತ್ರಿ. ವೀರಪ್ಪನ್ ಬಂದ, ರಾಜಣ್ಣನನ್ನು ಕಾಡಿಗೆ ಕರಕೊಂಡು ಹೋದ, 108 ದಿನ ಇಡೀ ಕರ್ನಾಟಕ ಉಸಿರು ಬಿಗಿ ಹಿಡಿದು ಕೂತಿತ್ತು. ಆ ಕಥೆ ಟೀ ಅಂಗಡಿಯಲ್ಲಿ ಸಾವಿರ ಸಲ ಆಗಿದೆ, ಬಿಡಿ. ಈಗ ಹೇಳ ಹೊರಟಿದ್ದು ಅದಕ್ಕೂ 40 ವರ್ಷ ಹಿಂದಿನ ಎದೆಗಾರಿಕೆಯ ಮಾತು.

1929ರ ಏಪ್ರಿಲ್ 24ರಂದು ಗಾಜನೂರಲ್ಲಿ ಹುಟ್ಟಿದ ಮುತ್ತುರಾಜನ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ, ಗುಬ್ಬಿ ವೀರಣ್ಣನವರ ಕಂಪನಿಯ ಹೆಸರಾಂತ ನಟ. ಹುಡುಗನ ಓದು ಪ್ರೈಮರಿಯಲ್ಲೇ ನಿಂತಿತು. ಅಪ್ಪನ ಬೆನ್ನ ಹಿಂದೆ ಕಂಪನಿ ಸೇರಿದ. ದೊಡ್ಡ ನಟನಾದ ಮೇಲೂ ರಾಜ್ ಇದನ್ನು ಮುಚ್ಚಿಡಲಿಲ್ಲ. ತನಗೆ ಓದಿಲ್ಲ, ಅಪ್ಪಾಜಿಯೇ ಗುರು, ನಾಟಕ ಕಂಪನಿಯೇ ಶಾಲೆ ಎಂಬ ಭಾವದಲ್ಲೇ ಹಳೆಯ ದಿನಗಳನ್ನು ನೆನೆಯುತ್ತಿದ್ದರು. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಡಾಕ್ಟರೇಟ್ ಕೊಟ್ಟ ಮೇಲೂ ಅವರ ಧಾಟಿ ಬದಲಾಗಲಿಲ್ಲ.

ಆ ಶಾಲೆ ಎಂಥದು ಗೊತ್ತೇ? ಒಂದೂರಲ್ಲಿ ತಿಂಗಳುಗಟ್ಟಲೆ ಕ್ಯಾಂಪು. ಕಲೆಕ್ಷನ್ ಬಿದ್ದರೆ ಗಂಟುಮೂಟೆ ಕಟ್ಟು, ಮುಂದಿನ ಊರಿಗೆ ನಡಿ. ನಾಯಕನ ಪಾತ್ರದವನೂ ಪರದೆ ಎಳೆಯುವವನೂ ಒಂದೇ ಪಂಕ್ತಿಯಲ್ಲಿ ಊಟ. ಯಾರಾದರೂ ಜ್ವರ ಬಂದು ಮಲಗಿದರೆ ಆಟ ನಿಲ್ಲಿಸೋ ಹಾಗಿಲ್ಲ, ಇನ್ನೊಬ್ಬ ಎದ್ದು ಆ ಪಾತ್ರ ಕಟ್ಟಬೇಕು. ಹಾಗಾಗಿ ಚಿಕ್ಕ ಪಾರ್ಟಿನ ಹುಡುಗರಿಗೂ ಬೇರೆಯವರ ಮಾತು ಬಾಯಿಪಾಠ! ಕಂದ ಹಾಡಿದರೆ ಕೊನೇ ಸಾಲಿನ ನೆಲದ ಟಿಕೆಟ್ಟಿನವನಿಗೂ ಕೇಳಬೇಕು. ಕೇಳದಿದ್ದರೆ ಅವನು ಸುಮ್ಮನೆ ಬಿಡೋನಲ್ಲ.

1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರು 'ಬೇಡರ ಕಣ್ಣಪ್ಪ' ಚಿತ್ರಕ್ಕೆ ನಾಯಕನನ್ನಾಗಿ ಮಾಡಿ, ಮುತ್ತುರಾಜನಿಗೆ ರಾಜಕುಮಾರ್ ಅಂತ ಹೆಸರಿಟ್ಟರು. ಶಿವನಿಗೆ ಕಣ್ಣು ಕಿತ್ತು ಕೊಡುವ ಬೇಡನ ಪಾತ್ರ. (2006ರ ಏಪ್ರಿಲ್ 12ರಂದು ತೀರಿಕೊಂಡಾಗ ರಾಜ್ ಕಣ್ಣುಗಳನ್ನು ದಾನ ಮಾಡಲಾಯಿತು. ಪಾರ್ವತಮ್ಮನವರ ಕಣ್ಣು 2017ರಲ್ಲಿ, ಪುನೀತ್ ಕಣ್ಣು 2021ರಲ್ಲಿ.)

ಚಿತ್ರ ಗೆದ್ದಿತು. ಹೀರೋ ಆದ ಮೇಲೆ ಕಷ್ಟ ಮುಗೀತು ಅಂತ ತಿಳಿದಿರಾ? ಇಲ್ಲ ಸ್ವಾಮಿ. ಆಗ ಕನ್ನಡ ಚಿತ್ರ ತಯಾರಾಗುತ್ತಿದ್ದುದು ಹೆಚ್ಚಾಗಿ ಮದ್ರಾಸಿನಲ್ಲಿ. ದುಡ್ಡು ಹಾಕುವವರು ಕಮ್ಮಿ, ವರ್ಷಕ್ಕೆ ಬರುವ ಚಿತ್ರಗಳೂ ಬೆರಳೆಣಿಕೆ. 50ರ ದಶಕದ ಕೊನೆಗೆ ಕಲಾವಿದರಿಗೆ ಕೆಲಸವೇ ಇಲ್ಲದ ಸ್ಥಿತಿ. ಬೇರೆ ಯಾರಾದರೂ ಆಗಿದ್ದರೆ ತಮಿಳು, ತೆಲುಗಿನ ಬಾಗಿಲು ತಟ್ಟುತ್ತಿದ್ದರೋ ಏನೋ. ರಾಜ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್, ಈ ನಾಲ್ವರು ಕೂಡಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿದರು. ಮತ್ತೆ ಬಣ್ಣ ಹಚ್ಚಿ ಊರೂರು ಸುತ್ತಿ ನಾಟಕ ಆಡಿದರು. ಪರದೆ ಮೇಲೆ ಕಂಡ ಕಣ್ಣಪ್ಪನೇ ಖುದ್ದಾಗಿ ಊರಿಗೆ ಬಂದ! ಕೂಡಿದ ಹಣ ನಾಲ್ವರ ಸಂಸಾರಕ್ಕೆ ಹಂಚಿಹೋಗಲಿಲ್ಲ, ಅದನ್ನು ಹಾಕಿ ಚಿತ್ರ ತೆಗೆದರು. ಅದೇ 1960ರ 'ರಣಧೀರ ಕಂಠೀರವ'. ಮೈಸೂರು ದೊರೆ ಕಂಠೀರವ ನರಸರಾಜ ಒಡೆಯರ ಪಾತ್ರ ರಾಜ್‌ಗೆ. ಮುಳುಗಿದ್ದರೆ ನಾಲ್ಕು ಮನೆ ಒಟ್ಟಿಗೆ ಮುಳುಗುತ್ತಿದ್ದವು. ಮುಳುಗಲಿಲ್ಲ.

ಈ ನಾಲ್ವರಲ್ಲಿ ಅರಸೀಕೆರೆಯ ಬಾಲಣ್ಣನಿಗೆ ಕಿವಿ ಕೇಳುತ್ತಿರಲಿಲ್ಲ. ಎದುರಿನವರ ತುಟಿ ನೋಡಿ ತಮ್ಮ ಮಾತು ಯಾವಾಗ ಅಂತ ತಿಳಿಯುತ್ತಿದ್ದರು. ಜೊತೆಗೆ ನಟಿಸುವವರು ಅವರಿಗೆ ಮುಖ ಕೊಟ್ಟು ಮಾತಾಡಬೇಕು, ತಾಳ್ಮೆ ಬೇಕು. ಒಬ್ಬರು ಎಡವಿದರೆ ಇನ್ನೊಬ್ಬರು ಎತ್ತುವ ಕಂಪನಿ ಅಭ್ಯಾಸ ಇಲ್ಲದಿದ್ದರೆ ಆಗದ ಕೆಲಸ ಅದು.

ನರಸಿಂಹರಾಜು 1979ರಲ್ಲಿ ಹೋದರು, ಬಾಲಣ್ಣ 1995ರಲ್ಲಿ, ಅಯ್ಯರ್ 2003ರಲ್ಲಿ, ಕೊನೆಗೆ ರಾಜ್. ಟೀವಿಯಲ್ಲಿ ಮುಂದೆ ಎಂದಾದರೂ 'ರಣಧೀರ ಕಂಠೀರವ' ಹಾಕಿದರೆ ಬಾಲಣ್ಣನ ಕಣ್ಣು ಎಲ್ಲಿ ನೆಟ್ಟಿದೆ ಅಂತ ಗಮನಿಸಿ ನೋಡಿ.