ವೆನಿಸ್: ನೋಡುವ ನಗರ, ಬದುಕುವ ಊರು

ಮಲ್ಲಂದೂರು: ರೋಮಾಪುರಿಯ ಯಾತ್ರೆ ಕೈಗೊಳ್ಳುವ ನಮ್ಮ ಕಡೆಯ ಕ್ರೈಸ್ತ ಕುಟುಂಬಗಳು ಪಾದುವಾ ಪಟ್ಟಣದ ಸಂತ ಅಂತೋಣಿಯವರ ಸನ್ನಿಧಿಗೆ ಹೋಗದೆ ಹಿಂತಿರುಗುವುದು ವಿರಳ. ಪಾದುವಾದಿಂದ ರೈಲಿನಲ್ಲಿ ಅರ್ಧ ಗಂಟೆ ಸಾಗಿದರೆ ಸಮುದ್ರದ ಹಿನ್ನೀರಿನ ನಡುವೆ ವೆನಿಸ್ ನಗರ ಎದುರಾಗುತ್ತದೆ. ಚೌಕದಲ್ಲಿ ಒಂದು ಛಾಯಾಚಿತ್ರ, ದೋಣಿಯಲ್ಲಿ ಒಂದು ಸುತ್ತು, ಅಂಗಡಿಯಲ್ಲಿ ಒಂದು ಗಾಜಿನ ಮಣಿಸರ. ಅವಸರದ ಯಾತ್ರಿಕರ ವೆನಿಸ್ ದರ್ಶನ ಅಲ್ಲಿಗೆ ಮುಗಿಯುತ್ತದೆ. ಆದರೆ ಕಾಫಿ ಬೆಳೆದು ಮೆಣಸು ಕೊಯ್ಯುವ ನಮಗೆ ಆ ನಗರ ಅಷ್ಟೊಂದು ಪರಕೀಯವಲ್ಲ.

118 ಸಣ್ಣ ದ್ವೀಪಗಳನ್ನು 400ಕ್ಕೂ ಹೆಚ್ಚು ಸೇತುವೆಗಳಿಂದ ಹೆಣೆದು ಕಟ್ಟಿದ ಊರು ಅದು. ಕಾಲುವೆಗಳೇ ಅದರ ಬೀದಿಗಳು. ರೋಗಿಯನ್ನು ಆಸ್ಪತ್ರೆಗೆ ಒಯ್ಯುವುದೂ ದೋಣಿಯಲ್ಲಿ, ಶವಪೆಟ್ಟಿಗೆಯನ್ನು ಸ್ಮಶಾನ ದ್ವೀಪಕ್ಕೆ ಸಾಗಿಸುವುದೂ ದೋಣಿಯಲ್ಲಿ. ಕೆಸರಿನಲ್ಲಿ ಒತ್ತೊತ್ತಾಗಿ ಇಳಿಸಿದ ಮರದ ದಿಮ್ಮಿಗಳ ಮೇಲೆ ಕಲ್ಲಿನ ಅಡಿಪಾಯವಿಟ್ಟು ಅರಮನೆಗಳನ್ನೂ ದೇವಾಲಯಗಳನ್ನೂ ಎಬ್ಬಿಸಿದ್ದಾರೆ. ಗಾಳಿ ಸುಳಿಯದ ಕೆಸರಿನಲ್ಲಿ ಮರ ಬೇಗನೆ ಕೊಳೆಯದೆಂಬ ಅನುಭವಜ್ಞಾನವೇ ಈ ನಗರವನ್ನು ಶತಮಾನಗಳ ಕಾಲ ಹೊತ್ತು ನಿಂತಿದೆ.

ನಗರದ ಹೃದಯಸ್ಥಾನ ಸಂತ ಮಾರ್ಕರ ಮಹಾದೇವಾಲಯ. ಶುಭಸಂದೇಶಕರ್ತ ಮಾರ್ಕರ ಪವಿತ್ರ ಅವಶೇಷಗಳನ್ನು 828ರಲ್ಲಿ ಇಬ್ಬರು ವರ್ತಕರು ಅಲೆಕ್ಸಾಂಡ್ರಿಯಾದಿಂದ ತಂದರೆಂಬುದು ಪರಂಪರೆ. ಇಂದಿನ ದೇವಾಲಯದ ನಿರ್ಮಾಣ ಆರಂಭವಾದದ್ದು 1063ರ ಸುಮಾರಿಗೆ. ಒಳಗಿನ ಚಾವಣಿಯಲ್ಲಿ ಹೊಂಬಣ್ಣದ ಹರಳುಗಳಿಂದ ರಚಿಸಿದ ಬೈಬಲ್ ದೃಶ್ಯಗಳು 8,000 ಚದರ ಮೀಟರಿಗೂ ಮಿಕ್ಕಿ ಹರಡಿವೆ. ಇಲ್ಲಿನ ನಾಲ್ಕು ಕಂಚಿನ ಕುದುರೆಗಳು ಬೇರೊಂದು ಕಥೆ ಹೇಳುತ್ತವೆ. 1204ರಲ್ಲಿ ಧರ್ಮಯೋಧರು ಕ್ರೈಸ್ತ ನಗರವೇ ಆಗಿದ್ದ ಕಾನ್‌ಸ್ಟಾಂಟಿನೋಪಲನ್ನು ಸೂರೆಗೈದಾಗ ತಂದ ಕುದುರೆಗಳಿವು. ಭಕ್ತಿಯೂ ಲೋಭವೂ ಒಂದೇ ಸೂರಿನಡಿ ವಾಸಿಸಬಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ವೆನಿಸಿನ ಸಿರಿಯ ಒಂದು ಬಹುದೊಡ್ಡ ಮೂಲ ನಮ್ಮ ಪಶ್ಚಿಮ ಕರಾವಳಿಯ ಮೆಣಸು. ಅರಬ್ಬೀ ಸಮುದ್ರ ದಾಟಿ, ಈಜಿಪ್ಟಿನ ಹಾದಿಯಾಗಿ ಬಂದ ಈ ಸರಕು ರಿಯಾಲ್ಟೊ ಪೇಟೆಯಲ್ಲಿ ಯೂರೋಪಿನ ಉದ್ದಗಲಕ್ಕೂ ಮಾರಾಟವಾಗುತ್ತಿತ್ತು. 1498ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಜಲಮಾರ್ಗ ಕಂಡುಹಿಡಿದ ಸುದ್ದಿ ಆ ಪೇಟೆಯನ್ನು ತಲ್ಲಣಗೊಳಿಸಿದ್ದು ಸಹಜವೇ. ಅದಕ್ಕೂ ಮೊದಲು, ಸುಮಾರು 1420ರಲ್ಲಿ, ನಿಕೊಲೊ ದೆ ಕೊಂತಿ ಎಂಬ ವೆನಿಸಿನ ವರ್ತಕನು ವಿಜಯನಗರವನ್ನು ಕಣ್ಣಾರೆ ಕಂಡಿದ್ದನು. ಹಿಂತಿರುಗುವ ದಾರಿಯಲ್ಲಿ ಮಡದಿಮಕ್ಕಳ ಪ್ರಾಣಕ್ಕೆ ಅಂಜಿ ವಿಶ್ವಾಸವನ್ನು ತೊರೆದಿದ್ದ ಆತ ಕ್ಷಮೆ ಬೇಡಿದಾಗ, ವೆನಿಸಿನವರೇ ಆದ ನಾಲ್ಕನೆಯ ಯುಜೀನಿಯಸ್ ಜಗದ್ಗುರುಗಳು ವಿಧಿಸಿದ ಪ್ರಾಯಶ್ಚಿತ್ತ ವಿಶಿಷ್ಟವಾದುದು: ಕಂಡದ್ದನ್ನೆಲ್ಲ ಅವರ ಕಾರ್ಯದರ್ಶಿ ಪೊಜ್ಜೊ ಬ್ರಾಚ್ಚೊಲೀನಿಯ ಮುಂದೆ ಸತ್ಯವಾಗಿ ನಿವೇದಿಸಬೇಕು. ವಿಜಯನಗರದ ಇತಿಹಾಸಕಾರರು ಇಂದಿಗೂ ನೆಚ್ಚುವ ವೃತ್ತಾಂತವೊಂದು ಹೀಗೆ ಹುಟ್ಟಿತು.

ಕಾಫಿಯ ನಂಟೂ ಹಳೆಯದು. ಈಜಿಪ್ಟಿನಲ್ಲಿ ಕಂಡ ಕಾಫಿ ಗಿಡವನ್ನು ವರ್ಣಿಸಿ ಪ್ರಾಸ್ಪೆರೊ ಅಲ್ಪೀನಿ ಬರೆದ ಗ್ರಂಥ ಅಚ್ಚಾದದ್ದು 1592ರಲ್ಲಿ, ವೆನಿಸಿನಲ್ಲೇ. ಬಾಬಾಬುಡನ್‌ರು ಏಳು ಬೀಜಗಳನ್ನು ನಮ್ಮ ಗಿರಿಗೆ ತಂದರೆಂದು ಪ್ರತೀತಿಯಿರುವ ಕಾಲ ಅದಾದ ಮುಕ್ಕಾಲು ಶತಮಾನದ ಬಳಿಕ. ಸಂತ ಮಾರ್ಕರ ಚೌಕದಲ್ಲಿ 1720ರಲ್ಲಿ ಬಾಗಿಲು ತೆರೆದ ಫ್ಲೋರಿಯನ್ ಕಾಫಿಗೃಹವು ಮೂರು ಶತಮಾನ ಕಳೆದರೂ ಹೆಸರುವಾಸಿಯಾಗಿದೆ. ಅಲ್ಲಿ ಒಂದು ಬಟ್ಟಲು ಕಾಫಿಗೆ ತೆರುವ ಬೆಲೆ ಕೇಳಿದರೆ ನಮ್ಮ ಬೆಳೆಗಾರರು ನಿಟ್ಟುಸಿರು ಬಿಟ್ಟಾರು!

ಮೆಣಸು ಹೋದ ದಾರಿಯಿಂದ ವಿದ್ಯೆಯೂ ಬಂದಿತೆನ್ನಬೇಕು. 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದ ಯೇಸುಸಭೆಯ ಗುರುಗಳು ಆ ಸಭೆಯ ವೆನಿಸ್ ಪ್ರಾಂತ್ಯಕ್ಕೆ ಸೇರಿದವರು. 1880ರಲ್ಲಿ ಅವರು ಸಂತ ಅಲೋಶಿಯಸ್ ಕಾಲೇಜನ್ನು ಸ್ಥಾಪಿಸಿದರು. ಅದರ ಪ್ರಾರ್ಥನಾಲಯದ ಗೋಡೆ ಚಾವಣಿಗಳನ್ನು ಚಿತ್ರಗಳಿಂದ ತುಂಬಿದ ಸಹೋದರ ಅಂತೋನಿಯೊ ಮೊಸ್ಕೇನಿಯವರು ಬೆರ್ಗಾಮೊ ಸೀಮೆಯವರು. 1797ರವರೆಗೆ ಆ ಸೀಮೆ ವೆನಿಸ್ ಗಣರಾಜ್ಯದ ಭಾಗವಾಗಿತ್ತು. ಕರಾವಳಿಯಿಂದ ಘಟ್ಟ ಹತ್ತಿ ಬಂದು ಕಾಫಿ ತೋಟಗಳಲ್ಲಿ ಬದುಕು ಕಟ್ಟಿಕೊಂಡ ಕುಟುಂಬಗಳ ಪೈಕಿ ಆ ಕಾಲೇಜಿನ ಮೆಟ್ಟಿಲು ಹತ್ತಿದವರು ಅನೇಕರು.

ಇಂತಹ ನಗರ ಇಂದು ಎರಡು ಬಗೆಯ ನೆರೆಗೆ ಸಿಲುಕಿದೆ. ಮೊದಲನೆಯದು ಸಮುದ್ರದ ನೆರೆ. 1966ರ ನವೆಂಬರ್ 4ರಂದು ನೀರು 194 ಸೆಂಟಿಮೀಟರ್ ಮಟ್ಟಕ್ಕೂ, 2019ರ ನವೆಂಬರ್ 12ರಂದು 187 ಸೆಂಟಿಮೀಟರ್ ಮಟ್ಟಕ್ಕೂ ಏರಿತ್ತು. ಇದನ್ನು ತಡೆಯಲು ಹಿನ್ನೀರಿನ ಬಾಯಿಗಳಲ್ಲಿ ಅಳವಡಿಸಿದ ಬೃಹತ್ ಕದಗಳನ್ನು 2020ರ ಅಕ್ಟೋಬರಿನಲ್ಲಿ ಮೊದಲ ಸಲ ಉಬ್ಬರದ ವಿರುದ್ಧ ಮೇಲೆತ್ತಲಾಯಿತು. ಎರಡನೆಯದು ಪ್ರವಾಸಿಗರ ನೆರೆ. ಇದಕ್ಕೆ ಕದವಿಲ್ಲ. 1951ರಲ್ಲಿ ಹಳೆಯ ನಗರದಲ್ಲಿ ಸುಮಾರು 1,75,000 ಮಂದಿ ವಾಸವಾಗಿದ್ದರು. 2022ರ ವೇಳೆಗೆ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿಯಿತು. ಮನೆಗಳು ತಂಗುದಾಣಗಳಾದವು, ದಿನಸಿ ಅಂಗಡಿಗಳು ಮುಖವಾಡ ಮಾರುವ ಅಂಗಡಿಗಳಾದವು. ದೊಡ್ಡ ವಿಹಾರ ಹಡಗುಗಳು ಚೌಕದ ಮುಂದೆ ಹಾಯುವುದನ್ನು 2021ರ ಆಗಸ್ಟಿನಲ್ಲಿ ನಿಷೇಧಿಸಲಾಯಿತು. ಆಯ್ದ ದಿನಗಳಲ್ಲಿ ಬಂದು ಅಂದೇ ಮರಳುವವರಿಂದ 5 ಯೂರೋ ಪ್ರವೇಶ ಶುಲ್ಕ ವಸೂಲು ಮಾಡುವ ಪದ್ಧತಿ 2024ರ ಏಪ್ರಿಲ್ 25ರಂದು ಆರಂಭವಾಯಿತು. ಹಣ ಬಂದಿತು; ಊರು ಬಿಟ್ಟವರು ಮರಳಲಿಲ್ಲ.

ಹಾಗೆಂದು ಆ ಊರು ಉಸಿರು ನಿಲ್ಲಿಸಿಲ್ಲ. 1630ರ ಮಹಾಮಾರಿಗೆ ನಗರದ ಮೂರನೆಯ ಒಂದು ಭಾಗದಷ್ಟು ಜನ ಬಲಿಯಾದಾಗ, ಉಳಿದವರು ಹೊತ್ತ ಹರಕೆಯಿಂದ ಎದ್ದದ್ದು ಆರೋಗ್ಯಮಾತೆಯ ದೇವಾಲಯ. ಪ್ರತಿ ವರ್ಷ ನವೆಂಬರ್ 21ರಂದು ಮಹಾಕಾಲುವೆಗೆ ತಾತ್ಕಾಲಿಕ ಸೇತುವೆ ಹಾಕುತ್ತಾರೆ. ಜನರು ಮಕ್ಕಳ ಕೈಹಿಡಿದು ಬಂದು ಮೊಂಬತ್ತಿ ಹಚ್ಚುತ್ತಾರೆ. ನಮ್ಮ ಸಾಂತ್‌ಮಾರಿಗಳನ್ನು ಬಲ್ಲವರಿಗೆ ಆ ನೋಟ ಅರ್ಥವಾಗಲು ದುಭಾಷಿಯ ಅಗತ್ಯವಿಲ್ಲ.

ವೆನಿಸಿನ ಈ ಕಥೆಯನ್ನು ಮಲ್ಲಂದೂರಿನಲ್ಲಿ ಕುಳಿತು ಓದುವಾಗ ಮನಸ್ಸು ತಾನಾಗಿ ಗಿರಿಯ ಕಡೆ ಹೊರಳುತ್ತದೆ. ವಾರಾಂತ್ಯ ಬಂದರೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗಳ ಹಾದಿಯಲ್ಲಿ ವಾಹನಗಳ ಸಾಲು. 2025ರಲ್ಲಿ ಜಿಲ್ಲಾಡಳಿತವು ಪ್ರವಾಸಿಗರಿಗೆ ಮುಂಗಡ ನೋಂದಣಿಯ ಕಟ್ಟುಪಾಡು ತರಬೇಕಾಯಿತು. ಹೋಂಸ್ಟೇಗಳು ಹಲವರಿಗೆ ಅನ್ನ ನೀಡಿವೆಯೆಂಬುದು ನಿಜ. ಆದರೆ ತೋಟದ ಮನೆಯ ಮಕ್ಕಳು ಬೆಂಗಳೂರು ಸೇರಿ, ಮನೆಯಲ್ಲಿ ಅತಿಥಿಗಳು ಮಾತ್ರ ಉಳಿದರೆ, ಊರಿನ ಹಬ್ಬಕ್ಕೆ ತೇರು ಎಳೆಯುವವರು ಯಾರು? ಮಂಜಿನ ಬೆಟ್ಟವಾಗಲಿ ನೀರಿನ ನಗರವಾಗಲಿ, ಅಲ್ಲಿ ಬೆಳಗ್ಗೆ ಎದ್ದು ಒಲೆ ಹಚ್ಚುವ ಜನರಿದ್ದರೆ ಮಾತ್ರ ಊರೆನಿಸುತ್ತದೆ.

ಆದುದರಿಂದ ಪಾದುವಾಕ್ಕೆ ಹೋಗುವ ಬಂಧುಗಳಲ್ಲಿ ಒಂದು ವಿನಂತಿ. ಸಾಧ್ಯವಾದರೆ ವೆನಿಸಿನಲ್ಲಿ ಒಂದು ರಾತ್ರಿ ತಂಗಿರಿ. ಮರುದಿನ ಮುಂಜಾನೆ, ಪ್ರವಾಸಿ ತಂಡಗಳು ಬರುವ ಮುನ್ನ, ಯಾವುದಾದರೊಂದು ಸಣ್ಣ ಧರ್ಮಕೇಂದ್ರದ ಬಲಿಪೂಜೆಯಲ್ಲಿ ಭಾಗವಹಿಸಿರಿ. ಮಾರ್ಕರ ಮಹಾದೇವಾಲಯದ ಹೊನ್ನಿನ ಚಾವಣಿಯನ್ನು ಅವಶ್ಯ ನೋಡಿರಿ. ಜೊತೆಗೆ ಪಕ್ಕದ ಪೀಠದಲ್ಲಿ ಮೊಣಕಾಲೂರಿದ ಆ ಊರಿನ ಮುದುಕಿಗೂ ಒಂದು ನಮಸ್ಕಾರ ಹೇಳಿ ಬನ್ನಿರಿ.